ಬಚ್ಚಲೊಲೆಯ ಮುಂದೆ ಕೇಳಿದ್ದು

ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ನಮ್ಮ ಮನೆಯಲ್ಲಿ ಹೊಸ್ತಿಲಾಚೆ ತಮಿಳು, ಒಳಗೆಲ್ಲ ಕನ್ನಡ. ಅಜ್ಜಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಶೃಂಗೇರಿಯ ಶಾರದೆಯನ್ನು ನೋಡಬೇಕೆಂಬ ಆಸೆ. ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದಲ್ಲಿ ಅದು ಕೂಡಿಬಂತು. ಬೊಮ್ಮಿಡಿಯಲ್ಲಿ ರೈಲು ಹತ್ತಿ, ಜೋಲಾರಪೇಟೆ, ಬೆಂಗಳೂರು ದಾಟಿ, ಕೊನೆಗೆ ಬಸ್ಸಿನಲ್ಲಿ ಮಲೆನಾಡು ಸೇರಿದೆವು.

ಇಳಿದುಕೊಂಡದ್ದು ಮಠದ ಅಡುಗೆಮನೆಯಲ್ಲಿ ದುಡಿದಿದ್ದ ಭಟ್ಟರೊಬ್ಬರ ಮನೆಯಲ್ಲಿ. ಆ ರಾತ್ರಿ ಮಳೆ ಬಿಡಲಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನಮ್ಮ ಒದ್ದೆ ಬಟ್ಟೆ ಹರವಿದ್ದರು. ಅಡಕೆ ಸಿಪ್ಪೆ ಒಲೆಗೆ ತಳ್ಳುತ್ತ ಭಟ್ಟರು ಊರಿನ ಕಥೆ ತೆಗೆದರು.

ಶಂಕರಾಚಾರ್ಯರು ಇಲ್ಲಿಗೆ ಬಂದಾಗ ಹೆರುವ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳಾಗಿತ್ತಂತೆ. ಅದನ್ನು ಕಂಡು ಮಠಕ್ಕೆ ಈ ಜಾಗ ಆರಿಸಿದರಂತೆ. 1346ರಲ್ಲಿ ವಿಜಯನಗರದ ಹರಿಹರ ತಮ್ಮಂದಿರೊಡನೆ ಬಂದು ಮಠದ ಯತಿ ಭಾರತೀ ತೀರ್ಥರಿಗೂ ಇಲ್ಲಿದ್ದ ಬ್ರಾಹ್ಮಣರಿಗೂ ಭೂಮಿ ಬಿಟ್ಟುಕೊಟ್ಟ. ಅಗ್ರಹಾರವಾಯಿತು, ಅದರ ಬೆನ್ನಿಗೆ ಒಕ್ಕಲು, ಅಂಗಡಿ, ಪೇಟೆ.

ಆಮೇಲೆ ಭಟ್ಟರ ದನಿ ತಗ್ಗಿತು. 1791. ಮೈಸೂರಿನ ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರೂ ಮರಾಠರೂ ನಿಜಾಮನೂ ಒಟ್ಟಾಗಿ ಯುದ್ಧ ಹೂಡಿದ್ದ ಕಾಲ. ಮರಾಠರ ಸೇನಾನಿ ಪರಶುರಾಮ ಭಾವೂನ ದಂಡಿಗೆ ಸೇರಿದ ಕುದುರೆ ಸವಾರರು ಶೃಂಗೇರಿಗೆ ನುಗ್ಗಿದರು. ಮಠ ಸೂರೆಯಾಯಿತು, ಜನ ಸತ್ತರು, ಶಾರದೆಯ ವಿಗ್ರಹವನ್ನೇ ಕಿತ್ತರು.

"ಅಯ್ಯೋ ಸಾಮಿ, ಆ ತಾಯೀನೂ ಬಿಡ್ಲಿಲ್ವಾ?" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಿಡ್ಲಿಲ್ಲ ತಾಯಿ. ಗುರುಗಳು ಕಾರ್ಕಳಕ್ಕೆ ಹೋಗಬೇಕಾಯ್ತು. ಅಲ್ಲಿಂದ ಟಿಪ್ಪುವಿಗೆ ಕಾಗದ ಬರೆದ್ರು."

ಟಿಪ್ಪು ತಡಮಾಡಲಿಲ್ಲ. ಶಾರದೆಯ ಪುನಃಪ್ರತಿಷ್ಠೆಗೆ ಇನ್ನೂರು ರಹತಿ ನಾಣ್ಯದ ನಗದು, ಜೊತೆಗೆ ಬೇಕಾದ ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಕೊಟ್ಟ. ಗುರು ಸಚ್ಚಿದಾನಂದ ಭಾರತಿಗಳಿಗೆ ಅವನು ಕನ್ನಡದಲ್ಲಿ ಬರೆಸಿದ ಕಾಗದಗಳು ಮಠದಲ್ಲೇ ಉಳಿದಿದ್ದವು; 1916ರಲ್ಲಿ ಮೈಸೂರಿನ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು.

"ನಿಮ್ಮ ಸೀಮೆಗೂ ಬಿಸಿ ತಟ್ಟಿದ್ದು ಅದೇ ಯುದ್ಧದಿಂದ" ಎಂದರು ಭಟ್ಟರು. ನಿಜ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲೂ ಸೇಲಂ ಸೀಮೆಯೂ ಮೈಸೂರಿನ ಕೈಬಿಟ್ಟು ಇಂಗ್ಲಿಷರ ಕಂಪನಿಯ ಪಾಲಾದವು. ಆ ಸೀಮೆಯ ನಮ್ಮೂರು ಮೈಸೂರಿನ ಗಡಿಯಾಚೆ ಉಳಿದದ್ದು ಹಾಗೆ. ಆ ರಾತ್ರಿಯವರೆಗೆ ಶೃಂಗೇರಿ ನನಗೆ ದೂರದ ಕ್ಷೇತ್ರ. ಒಂದೇ ಯುದ್ಧ ಎರಡೂ ಊರುಗಳನ್ನು ಅಲುಗಿಸಿದೆ ಎಂದು ತಿಳಿದ ಮೇಲೆ ನೆಂಟರ ಊರಾಯಿತು.

"ಇಷ್ಟಾದ್ಮೇಲೂ ಊರು ಹೆಂಗೆ ಉಳೀತು?" ಅಜ್ಜಿ ಕೇಳಿದಳು.

"ದೇವಿ ಮತ್ತೆ ಪೀಠಕ್ಕೆ ಬಂದ್ಲು, ಒಲೆ ಮತ್ತೆ ಹತ್ತಿತು. ಅನ್ನ ಬೇಯೋ ಕಡೆ ಜನ ಸೇರದೆ ಇರ್ತಾರಾ?"

ಬೆಳಿಗ್ಗೆ ತುಂಗೆಯಲ್ಲಿ ಮಿಂದು, ಮೀನಿಗೆ ಪುರಿ ಹಾಕಿ, ದರ್ಶನ ಮುಗಿಸಿದೆವು. ಅಜ್ಜಿ ಸೊಂಟದ ಚೀಲ ಬಿಚ್ಚಿ, ದಾರಿ ಖರ್ಚಿಗಷ್ಟು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅನ್ನದಾನಕ್ಕೆ ಕೊಟ್ಟಳು. ರಸೀದಿಗೆ ಹೆಸರು ಕೇಳಿದರೆ "ಪಾಪಿರೆಡ್ಡಿಪಟ್ಟಿಯೋರು ಅಂತ ಬರ್ಕೊಳ್ಳಿ" ಎಂದಳು. ಮಠ ಕಟ್ಟಿದ ಊರನ್ನು ರಾಜರ ದತ್ತಿಯಷ್ಟೇ ಉಳಿಸಲಿಲ್ಲ. ಹೀಗೆ ದೂರದಿಂದ ಬಂದು ಒಲೆಗೆ ತಮ್ಮ ಪಾಲಿನ ಸೌದೆ ಒಟ್ಟಿದವರೂ ಉಳಿಸಿದರು. ನಮ್ಮ ಮನೆಯಿಂದ ಇಂದಿಗೂ ಆ ಕಾಣಿಕೆ ಅದೇ ಹೆಸರಿನಲ್ಲಿ ಹೋಗುತ್ತದೆ.