ತಮ್ಮನ ಗಾಡಿ

ಹೊಸ ವಾಹನವನ್ನು ಕೊಳ್ಳುವವನು ಯಂತ್ರವನ್ನು ಮಾತ್ರ ಕೊಳ್ಳುತ್ತಾನೆ. ಹಳೆಯದನ್ನು ಕೊಳ್ಳುವವನು ಅದರೊಡನೆ ಇನ್ನೊಬ್ಬರ ರೂಢಿಯನ್ನೂ ಮನೆಗೆ ತರುತ್ತಾನೆ. ಒಂದು ಕೈಗೆ ಹಾಲು ಕೊಟ್ಟು ಅಭ್ಯಾಸವಾದ ಹಸು ಹೊಸ ಕೈ ತಗುಲಿದರೆ ಒದೆಯುವುದುಂಟು. ಆಗ ಹಸುವನ್ನು ಬಯ್ಯುವವರೇ ಹೆಚ್ಚು. ತಮ್ಮ ಕೈಯನ್ನು ನೋಡಿಕೊಳ್ಳುವವರು ಕಡಮೆ.

ಶಿವಮೊಗ್ಗದ ನಿವೃತ್ತ ಗುಮಾಸ್ತರೊಬ್ಬರ ಮನೆಗೆ ಇಂಥದೊಂದು ವಾಹನ ಬಂದಿತು. 2012ರ ಮಹೀಂದ್ರ ಸ್ಕಾರ್ಪಿಯೊ. ಅದಾಗಲೇ 1,10,000 ಕಿಲೋಮೀಟರು ಓಡಿತ್ತು. ಅದು ಅವರ ತಮ್ಮನದು. ತಮ್ಮ ಅಕಾಲದಲ್ಲಿ ತೀರಿಕೊಂಡ ಮೇಲೆ, ಮಗಳ ಕಾಲೇಜಿನ ಶುಲ್ಕಕ್ಕಾಗಿ ಅವನ ಹೆಂಡತಿ ಗಾಡಿಯನ್ನು ಮಾರಲು ಹೊರಟಳು. “ದಲ್ಲಾಳಿಗಳ ಕೈಗೆ ಕೊಡಬೇಡಮ್ಮ, ನಾನೇ ಇಟ್ಟುಕೊಳ್ಳುತ್ತೇನೆ” ಎಂದು ಹಿರಿಯರು ಪೇಟೆಯಲ್ಲಿದ್ದ ಬೆಲೆಯನ್ನೇ ಕೊಟ್ಟು ತಂದರು. ಮನೆಯ ಮಕ್ಕಳಿಗೆಲ್ಲ ದೊಡ್ಡಪ್ಪನಾದ ಅವರನ್ನು ಇಲ್ಲಿಯೂ ದೊಡ್ಡಪ್ಪನವರೆಂದೇ ಕರೆದರೆ ತಪ್ಪಾಗದು.

ದೊಡ್ಡಪ್ಪನವರು ಇಪ್ಪತ್ತು ವರ್ಷ ನಡೆಸಿದ್ದುದು ಪೆಟ್ರೋಲಿನ ಪುಟ್ಟ ಮಾರುತಿ. ಅದರಿಂದ ಅವರು ಕಲಿತ ಸೂತ್ರ ಒಂದೇ: ಬೇಗ ಮೇಲಿನ ಗೇರಿಗೆ ಹೋದಷ್ಟೂ ಎಣ್ಣೆ ಉಳಿಯುತ್ತದೆ. ಆ ಸೂತ್ರವನ್ನೇ ಇಲ್ಲಿಯೂ ಹೂಡಿದರು. ನಲವತ್ತರ ವೇಗಕ್ಕೆ ಐದನೆಯ ಗೇರು ಹಾಕಿದರೆ ಗಾಡಿ ಗದಗದ ನಡುಗಿತು. ಆಕ್ಸಿಲರೇಟರನ್ನು ಒತ್ತಿದರೆ ಕ್ಷಣಕಾಲ ಕೇಳಿಸದಂತೆ ಸುಮ್ಮನಿದ್ದು, ಬಳಿಕ ಕಪ್ಪು ಹೊಗೆಯುಗುಳಿ ಮುನ್ನುಗ್ಗಿತು. ಬೆಳಗಿನ ಹೊತ್ತು ಎರಡನೆಯ ಗೇರು ಬೀಳಲು ಹಟಮಾಡಿತು. ಎರಡು ವಾರ ಕಳೆಯುವಷ್ಟರಲ್ಲಿ ದೊಡ್ಡಪ್ಪನವರ ಮನಸ್ಸಿನಲ್ಲಿ ಸಂಶಯ ಬೇರೂರಿತು.

“ಗಾಡಿ ಕೆಟ್ಟಿರುವುದು ಅವಳಿಗೆ ತಿಳಿಯದೆ ಇತ್ತೇ?” ಎಂದರು ಅವರ ಮಡದಿ. ಮೆಲ್ಲನೆ ಆಡಿದ ಮಾತಾದರೂ ನಾಟಿತು. ನಲವತ್ತು ಸಾವಿರವನ್ನಾದರೂ ಹಿಂದಕ್ಕೆ ಕೇಳಬೇಕೆಂದು ಅವರು ನಿಶ್ಚಯಿಸಿದರು. ಲೆಕ್ಕಕ್ಕೊಂದು ಆಧಾರವಿರಲೆಂದು ಮೊದಲು ಗಾಡಿಯನ್ನು ಗ್ಯಾರೇಜಿಗೆ ಒಯ್ದರು.

ಅಲ್ಲಿನ ಮೇಸ್ತ್ರಿ ಬಾನೆಟ್ಟನ್ನು ತೆರೆಯಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕುಳಿತು, “ನಡೆಸಿ ಸಾರ್, ನೋಡೋಣ” ಎಂದ. ಎರಡು ಮೈಲಿ ಹೋಗುವಷ್ಟರಲ್ಲಿ ನಕ್ಕುಬಿಟ್ಟ. “ಗಾಡಿಗೆ ಏನೂ ಆಗಿಲ್ಲ ಸಾರ್. ನೀವು ಇದನ್ನು ನಿದ್ದೆಯಲ್ಲಿ ಓಡಿಸುತ್ತಿದ್ದೀರಿ.”

ಅವನ ಮಾತು ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಆ ಬಿಸಿಗೆ ಎಣ್ಣೆಯನ್ನು ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಜರ್ಮನಿಯಲ್ಲಿ 1897ರಲ್ಲಿ ನಡೆಸಿ ತೋರಿಸಿದ ಯಂತ್ರದ ಮರ್ಮ ಇದೇ. ಇಂದಿನ ಗಾಡಿಗಳಲ್ಲಿ ಇದಕ್ಕೆ ಟರ್ಬೋ ಸೇರಿದೆ. ಅದರ ಮೂಲ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಎಂಜಿನ್ನು ನಿಧಾನವಾಗಿ ಸುತ್ತುವಾಗ ಹೊಗೆಗೆ ರಭಸವಿಲ್ಲ; ರಭಸವಿಲ್ಲದೆ ಗಾಳಿಯಿಲ್ಲ; ಗಾಳಿಯಿಲ್ಲದೆ ಸುರಿದ ಎಣ್ಣೆ ಮಸಿಯಾಗುತ್ತದೆ. ದೊಡ್ಡಪ್ಪನವರ ಗಾಡಿಯ 2.2 ಲೀಟರಿನ ಎಂಜಿನ್ನು ತನ್ನ ಪೂರ್ಣ ಎಳೆತವನ್ನು ಕೊಡುವುದು ನಿಮಿಷಕ್ಕೆ 1,800ರಿಂದ 2,800 ಸುತ್ತುಗಳ ನಡುವೆ. ಅವರೋ ಅದನ್ನು ಸಾವಿರದ ಸುತ್ತಿನಲ್ಲಿ ತಡೆದಿಟ್ಟು, ಮೇಲೆ ಹೊರೆ ಹೇರುತ್ತಿದ್ದರು.

ಮೇಸ್ತ್ರಿ ಹೇಳಿದ ನಿಯಮಗಳು ಕೆಲವೇ. ಊರೊಳಗೆ ಮೂರನೆಯ ಗೇರೇ ಸಾಕು; ಐದನೆಯದು ಎಪ್ಪತ್ತರ ವೇಗ ದಾಟಿದ ಮೇಲೆ. ಬೆಳಗ್ಗೆ ಗಾಡಿ ಹೊರಡಿಸುವಾಗ ಅರ್ಧ ನಿಮಿಷ ತಾಳಬೇಕು; ಎಣ್ಣೆ ಟರ್ಬೋವಿನವರೆಗೆ ಏರಲಿ. ತಣ್ಣಗಿರುವಾಗ ಗೇರ್‌ಬಾಕ್ಸಿನ ಎಣ್ಣೆ ಮಂದವಾಗಿರುವುದರಿಂದ ಗೇರನ್ನು ನೂಕಬಾರದು. ನಡುವೆ ಒಂದು ಕ್ಷಣ ನಿಲ್ಲಿಸಿ ಹಾಕಿದರೆ ತಾನೇ ಕೂಡಿಕೊಳ್ಳುತ್ತದೆ. ಕ್ಲಚ್ಚಿನ ಮೇಲೆ ಕಾಲನ್ನೂ ಗೇರಿನ ಮೇಲೆ ಕೈಯನ್ನೂ ಸುಮ್ಮನೆ ಇಟ್ಟುಕೊಂಡಿರಬಾರದು. ದೊಡ್ಡಪ್ಪನವರು ಅವನ್ನು ಪಾಲಿಸಿದರು. ನಡುಕ ನಿಂತಿತು, ಹೊಗೆ ಕಡಮೆಯಾಯಿತು. ಆದರೂ ನಲವತ್ತು ಸಾವಿರದ ಯೋಚನೆ ಪೂರ್ತಿಯಾಗಿ ಹೋಗಲಿಲ್ಲ. ಸಂಶಯವೆಂಬುದು ಹೊಗೆಗಿಂತ ನಿಧಾನವಾಗಿ ಕರಗುವ ವಸ್ತು.

ಆಗಸ್ಟ್ ತಿಂಗಳಲ್ಲಿ ತಮ್ಮನ ಮಗಳನ್ನು ಮಣಿಪಾಲದ ಹಾಸ್ಟೆಲಿಗೆ ಬಿಡಬೇಕಾಯಿತು. ಹುಡುಗಿ ಮುಂದಿನ ಸೀಟಿನಲ್ಲಿ ಕುಳಿತಳು. ತೀರ್ಥಹಳ್ಳಿ ದಾಟಿ ಆಗುಂಬೆಗೆ ಬಂದಾಗ ಮಳೆ ಸುರಿಯುತ್ತಿತ್ತು. ಮುಂದೆ ಸೋಮೇಶ್ವರದವರೆಗೆ 14 ಕಡಿದಾದ ತಿರುವುಗಳ ಇಳಿಜಾರು. ಇಳಿಜಾರಿನಲ್ಲಿ ಡೀಸೆಲ್ ಏಕೆ ಸುಡಬೇಕೆಂದು ದೊಡ್ಡಪ್ಪನವರು ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕನ್ನು ಒತ್ತಿಹಿಡಿದೇ ಇಳಿಯತೊಡಗಿದರು. ಕೆಲವು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕು ಎಂದಿನಂತೆ ಹಿಡಿಯಲಿಲ್ಲ. ಎದುರಿಗೆ ಮಂಜು, ಪಕ್ಕದಲ್ಲಿ ಕಣಿವೆ.

“ದೊಡ್ಡಪ್ಪ, ಗೇರಿಗೆ ಹಾಕಿ,” ಎಂದಳು ಹುಡುಗಿ, ಡ್ಯಾಶ್‌ಬೋರ್ಡನ್ನು ಬಿಗಿಯಾಗಿ ಹಿಡಿದು. “ಅಪ್ಪ ಇಲ್ಲಿ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದರು.”

ಅವರು ಮೂರಕ್ಕೆ, ಬಳಿಕ ಎರಡಕ್ಕೆ ತಂದರು. ಎಂಜಿನ್ನು ಒಮ್ಮೆ ಗುಡುಗಿ, ಇಡೀ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ರಸ್ತೆ ಅಗಲವಾದೆಡೆ ನಿಲ್ಲಿಸಿ, ಚಕ್ರಗಳು ಆರಲೆಂದು ಬಹಳ ಹೊತ್ತು ಕಾದರು. ಅವರ ಕೈ ನಡುಗುತ್ತಿತ್ತು. ಗೇರಿನಲ್ಲಿದ್ದು ಕಾಲು ತೆಗೆದರೆ ಎಂಜಿನ್ನಿಗೆ ಎಣ್ಣೆಯೇ ಹೋಗುವುದಿಲ್ಲವೆಂದೂ, ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ತಮ್ಮ ಬಲ ಕಳೆದುಕೊಳ್ಳುವುವೆಂದೂ, ನ್ಯೂಟ್ರಲ್ಲಿನಲ್ಲಿಯೇ ಡೀಸೆಲ್ ವ್ಯರ್ಥವಾಗುವುದೆಂದೂ ಆಮೇಲೆ ಮೇಸ್ತ್ರಿಯಿಂದ ಕೇಳಿ ತಿಳಿದರು. ಆ ಗಳಿಗೆಯಲ್ಲಿ ತಿಳಿದದ್ದು ಒಂದೇ: ಗಾಡಿ ಕೆಟ್ಟದ್ದಲ್ಲ.

“ಅಪ್ಪ ಇನ್ನೊಂದು ಮಾಡುತ್ತಿದ್ದರು,” ಎಂದಳು ಹುಡುಗಿ. “ಘಾಟಿ ಹತ್ತಿ ಮೇಲೆ ಬಂದು ನಿಲ್ಲಿಸಿದರೆ, ಕೂಡಲೆ ಎಂಜಿನ್ ಆರಿಸುತ್ತಿರಲಿಲ್ಲ. ನಾವೆಲ್ಲ ಇಳಿದರೂ ಒಂದು ನಿಮಿಷ ಒಬ್ಬರೇ ಕೂತಿರುತ್ತಿದ್ದರು.”

ಏರು ಹತ್ತಿದ ಟರ್ಬೋ ಕೆಂಡದಂತೆ ಕಾದಿರುತ್ತದೆ. ಒಮ್ಮೆಲೇ ಆರಿಸಿದರೆ ಅದರೊಳಗಿನ ಎಣ್ಣೆ ಹರಿಯದೆ ಸುಟ್ಟು ಕರಿಯಾಗುತ್ತದೆ. ತಮ್ಮ ಇದನ್ನು ಬಲ್ಲವನಾಗಿದ್ದ.

ಹುಡುಗಿಯನ್ನು ಬಿಟ್ಟು ಮರಳುವಾಗ ದೊಡ್ಡಪ್ಪನವರು ಎರಡು, ಮೂರನೆಯ ಗೇರುಗಳಲ್ಲಿಯೇ ಘಾಟಿಯನ್ನು ಏರಿದರು. ಗಾಡಿ ದಣಿವೇ ಇಲ್ಲದಂತೆ ಎಳೆಯಿತು. ಆಗುಂಬೆಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ನನ್ನು ಆರಿಸದೆ ಕುಳಿತರು. ಮಳೆ ಗಾಜಿನ ಮೇಲೆ ಇಳಿಯುತ್ತಿತ್ತು. ಒಂದು ನಿಮಿಷವಾದ ಮೇಲೆ ಕೀಲಿಯನ್ನು ತಿರುಗಿಸಿ, ತಮ್ಮನ ಹೆಂಡತಿಗೆ ಫೋನು ಮಾಡಿದರು.

“ಮಗು ಕ್ಷೇಮವಾಗಿ ತಲುಪಿದಳಮ್ಮ,” ಎಂದರು. ಸ್ವಲ್ಪ ತಡೆದು, “ಗಾಡಿಯನ್ನು ಅವನು ಬಹಳ ಚೆನ್ನಾಗಿ ಇಟ್ಟಿದ್ದಾನೆ” ಎಂದರು.