ಅಣ್ಣ ಬಿಗಿದ ಸ್ಕ್ರೂಗಳು

ಗಲ್ಫಿಗೆ ಹೋಗಿ ಬಂದವರ ಮನೆಗಳಲ್ಲಿ ಒಂದು ಟ್ರಂಕ್ ಇದ್ದೇ ಇರುತ್ತದೆ. ಅದರೊಳಗೆ ಅತ್ತರಿನ ಖಾಲಿ ಬಾಟಲಿ, ನಿಂತುಹೋದ ಕೈಗಡಿಯಾರ, ಹಾಡದ ಟೇಪ್ ರೆಕಾರ್ಡರ್! ಎಸೆಯಲು ಮನಸ್ಸು ಬಾರದು, ಬಳಸಲು ಬರುವುದಿಲ್ಲ. ಇಂಥ ವಸ್ತುಗಳನ್ನು ಏನು ಮಾಡಬೇಕು? ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಆಟಿಕೆ ಕಾರಿನಿಂದ.

ನಮ್ಮೂರು ಶೇಡಬಾಳ. ದೊಡ್ಡಣ್ಣ ದಮ್ಮಾಮಿನಲ್ಲಿ ದುಡಿಯುತ್ತಿದ್ದರು. 1987ರಲ್ಲಿ ರಜೆಗೆ ಬಂದಾಗ ಎರಡು ವರ್ಷದ ಮಗನಿಗೆಂದು ರೇಡಿಯೋ ನಿಯಂತ್ರಿತ ಬಗ್ಗಿಯೊಂದನ್ನು ತಂದರು. ಜಪಾನಿನ ಟಮಿಯಾ ಕಂಪೆನಿಯ 'ಗ್ರಾಸ್‌ಹಾಪರ್', ಅಂದರೆ ಮಿಡತೆ. ಶಿಝುವೋಕಾ ಪಟ್ಟಣದಲ್ಲಿ 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಹುಟ್ಟಿದ ಆ ಕಂಪೆನಿ ತನ್ನ ಮೊದಲ ರೇಡಿಯೋ ಕಾರನ್ನು ತಂದದ್ದು 1976ರಲ್ಲಿ. ಮಿಡತೆ ಬಂದದ್ದು 1984ರಲ್ಲಿ. ನಿಜವಾದ ಕಾರಿನ ಹತ್ತನೇ ಒಂದು ಭಾಗದಷ್ಟು ಗಾತ್ರ. ಮಣ್ಣಿನಲ್ಲೂ ಓಡಬಲ್ಲ ದಪ್ಪ ಟಯರುಗಳು.

ವಿಶೇಷವೆಂದರೆ ಪೆಟ್ಟಿಗೆಯಲ್ಲಿ ಇದ್ದದ್ದು ಕಾರಲ್ಲ, ಕಾರಿನ ಬಿಡಿಭಾಗಗಳು! ಕೊಂಡವನೇ ಅದನ್ನು ಜೋಡಿಸಬೇಕು. ಅಣ್ಣ ಮೂರು ರಾತ್ರಿ ಕುಳಿತು ಜೋಡಿಸಿದರು. ಏಳು ವರ್ಷದ ನಾನು ಪಕ್ಕದಲ್ಲಿ ಕುಳಿತು ಸ್ಕ್ರೂಗಳನ್ನು ಎತ್ತಿಕೊಡುತ್ತಿದ್ದೆ. ಕಾರಿನೊಳಗೆ ಕೂರುವ ಪುಟ್ಟ ಚಾಲಕನ ಗೊಂಬೆಗೆ ಅವರೇ ಬಣ್ಣ ಬಳಿದರು. ಹೆಲ್ಮೆಟ್ಟಿನ ಬಣ್ಣ ಒಂದಿಷ್ಟು ಕೆನ್ನೆಗೂ ತಾಗಿತು.

1998ರಲ್ಲಿ ಅಣ್ಣ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ದಫನ್ ಕೂಡ ಅಲ್ಲಿಯೇ ಆಯಿತು. ಭಾಭಿಗೆ ಹೋಗಿ ನಿಲ್ಲಲು ಒಂದು ಕಬರ್ ಕೂಡ ಇಲ್ಲಿಲ್ಲ. ಅವರು ಆ ಕಾರನ್ನು ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿಟ್ಟರು.

ಕಳೆದ ಬೇಸಿಗೆಯಲ್ಲಿ ಹತ್ತು ವರ್ಷದ ಮೊಮ್ಮಗ ಕೇಳಿದ: "ಅಜ್ಜನ ಕಾರು ಓಡುತ್ತದೆಯೇ?" ನಾನು ರಿಪೇರಿ ಮಾಡಿಸೋಣವೆಂದೆ. ಭಾಭಿಯ ಮುಖ ಸಣ್ಣದಾಯಿತು. "ಬಿಚ್ಚಿದರೆ ಅವರು ಬಿಗಿದದ್ದೆಲ್ಲ ಹೋಗುತ್ತದಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮದ್ರಸಾದಲ್ಲಿ ಓದುವಾಗ ಹಳೆಯ ಕಿತಾಬುಗಳಿಗೆ ಹೊಸ ಜಿಲ್ದ್ ಕಟ್ಟುವುದನ್ನು ನೋಡಿದ್ದೆ. ರಟ್ಟು, ದಾರ, ಅಂಟು ಎಲ್ಲವೂ ಹೊಸದು. ಆದರೆ ಅಂಚನ್ನು ಕತ್ತರಿಸುವಾಗ ಹಿಂದಿನವರು ಹಾಶಿಯಾದಲ್ಲಿ ಬರೆದ ಟಿಪ್ಪಣಿ ತುಂಡಾಗಬಾರದು. ಅದನ್ನು ಭಾಭಿಗೆ ಹೇಳಿದೆ. ಎರಡು ದಿನ ಯೋಚಿಸಿ ಒಪ್ಪಿದರು. ಒಂದೇ ಷರತ್ತು: ತೆಗೆದ ಯಾವ ಭಾಗವನ್ನೂ ಕೇಳದೆ ಎಸೆಯಬಾರದು.

ಶಾಲೆ ಮುಗಿಸಿ ಬಂದ ಮೇಲೆ ನಾನೂ ಮೊಮ್ಮಗನೂ ಕೆಲಸಕ್ಕೆ ಕೂತೆವು. ಜಪಾನಿನ ಸ್ಕ್ರೂಗಳ ತಲೆಯ ಗೀರು ನಮ್ಮ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ, ಜಾರಿ ತಲೆ ಸವೆಯುತ್ತದೆ. ಅದಕ್ಕೆಂದೇ ಇರುವ ಜೆಐಎಸ್ ಸ್ಕ್ರೂಡ್ರೈವರನ್ನು ಪುಣೆಯಲ್ಲಿರುವ ಅಣ್ಣನ ಮಗ ಕಳಿಸಿದ. ಬಿಚ್ಚಿದ ಭಾಗಗಳನ್ನು ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆವು. ಪ್ಲಾಸ್ಟಿಕ್ಕಿಗೆ ಥಿನ್ನರ್ ಮುಟ್ಟಿಸಬೇಡಿ, ಕರಗುತ್ತದೆ. ಗೇರ್ ಪೆಟ್ಟಿಗೆಯೊಳಗಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ ಆಲ್ಕಲೈನ್ ಸೆಲ್‌ಗಳು ಸೋರಿ ಬಿಳಿ ಹುಡಿ ಕಟ್ಟಿತ್ತು. ಅದು ಕ್ಷಾರ, ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ನಿಮ್ಮ ಮನೆಯ ಬಳಸದ ರಿಮೋಟುಗಳಿಂದ ಇವತ್ತೇ ಸೆಲ್ ತೆಗೆದಿಡಿ!

ಟಯರುಗಳ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಕಂಪೆನಿಯು 2005ರಲ್ಲಿ ಇದೇ ಮಿಡತೆಯನ್ನು ಮತ್ತೆ ತಯಾರಿಸಿದ್ದರಿಂದ ಹೊಸ ಟಯರು ಸಿಕ್ಕಿತು, ಹಳೆಯ ಚಕ್ರಕ್ಕೆ ಸರಿಯಾಗಿ ಕೂತಿತು. 7.2 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸತ್ತಿತ್ತು. ಕ್ಯಾಡ್ಮಿಯಂ ವಿಷ, ಮನೆಯಲ್ಲಿಡಬಾರದು, ಕಸಕ್ಕೂ ಹಾಕಬಾರದು. ಭಾಭಿಗೆ ತಿಳಿಸಿ ಅದನ್ನು ಇ-ತ್ಯಾಜ್ಯಕ್ಕೆ ಕಳಿಸಿ, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ತಂದೆವು. 27 ಮೆಗಾಹರ್ಟ್ಸ್ ರೇಡಿಯೋ ಎಚ್ಚರಗೊಳ್ಳಲೇ ಇಲ್ಲ. ಅದರ ಜಾಗಕ್ಕೆ 2.4 ಗಿಗಾಹರ್ಟ್ಸಿನದು ಬಂತು. ವೇಗ ಬದಲಿಸುವ ಹಳೆಯ ಲೋಹದ ಸ್ವಿಚ್ಚು ಸುಟ್ಟಿತ್ತು. ಈಗ ಎಲೆಕ್ಟ್ರಾನಿಕ್ ಉಪಕರಣ. ಆರ್‌ಎಸ್-380 ಮೋಟಾರು ಮಾತ್ರ ಹಳೆಯದೇ. ಮಿರಜದಲ್ಲಿ ಒಬ್ಬರು ಅದರ ತಂತಿ ಬೆಸೆದುಕೊಟ್ಟರು. ಗೊಂಬೆಯನ್ನು ನಾವು ತೊಳೆಯಲೂ ಇಲ್ಲ.

ಮತ್ತೆ ಜೋಡಿಸುವ ದಿನ ಭಾಭಿ ಬಂದು ಕೂತರು. ಈ ಸ್ಕ್ರೂಗಳು ಪ್ಲಾಸ್ಟಿಕ್ಕನ್ನು ಕೊರೆದು ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳುವಂಥವು. ಎರಡನೇ ಸಲ ನೇರವಾಗಿ ಬಿಗಿದರೆ ಹೊಸ ಗೀರು ಬಿದ್ದು ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ಹಳೆಯ ಗೀರು ಸಿಕ್ಕಾಗ 'ಟಕ್' ಎಂದು ಕೆಳಗಿಳಿಯುತ್ತದೆ. ಆಮೇಲೆ ಬಿಗಿಯಬೇಕು.

ನಾನಿದನ್ನು ಮೊಮ್ಮಗನಿಗೆ ಹೇಳುತ್ತಿದ್ದೆ. ಭಾಭಿ ಕೇಳಿದರು: "ಹಳೆಯ ಗೀರು ಅಂದರೆ, ಅವರು ಮಾಡಿದ್ದೇ?"

"ಹೌದು ಭಾಭಿ, ಅವರ ಕೈಯೇ ಕೊರೆದದ್ದು."

ಅವರು ಸ್ಕ್ರೂಡ್ರೈವರ್ ಕೇಳಿ ಪಡೆದರು. ಹಿಂದಕ್ಕೆ ತಿರುಗಿಸಿದರು. 'ಟಕ್' ಎಂದಿತು. ಉಳಿದ ಸ್ಕ್ರೂಗಳನ್ನು ಯಾರಿಗೂ ಕೊಡಲಿಲ್ಲ. ಎಲ್ಲವನ್ನೂ ತಾವೇ ಬಿಗಿದರು.

ಸಹೋದರಿಯರೇ, ತೀರಿಹೋದವರ ವಸ್ತುವನ್ನು ಮುಟ್ಟದೆ ಇಡುವುದೇ ಗೌರವವೆಂದು ನಾವು ತಿಳಿಯುತ್ತೇವೆ. ಆದರೆ ಮುಟ್ಟದಿದ್ದರೂ ರಬ್ಬರು ಒಣಗುತ್ತದೆ, ಸೆಲ್ ಸೋರುತ್ತದೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ಕೂತು ನಿರ್ಧರಿಸುವುದೂ ಪ್ರೀತಿಯ ಕೆಲಸವೇ.

ಬಿರುಕುಬಿಟ್ಟ ಟಯರು, ಹಳೆಯ ರೇಡಿಯೋ, ಸುಟ್ಟ ಸ್ವಿಚ್ಚು ಈಗ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಕಾರು ಸಂಜೆಹೊತ್ತು ಅಂಗಳದ ಕರಿಮಣ್ಣಿನಲ್ಲಿ ಧೂಳೆಬ್ಬಿಸುತ್ತ ಓಡುತ್ತದೆ. ಹಿಂದಿನ ಟಯರುಗಳು ಆಗಲೇ ಸವೆಯತೊಡಗಿವೆ. ಇನ್ನೊಂದು ಜೊತೆ ತರಿಸಿಡು ಎಂದು ಭಾಭಿಯೇ ಹೇಳಿದ್ದಾರೆ.