ಆಟ ಮುಗಿದ ಮೇಲೆ ಹುಡುಗಿ ಏನು ಮಾಡಬೇಕು?

ಹೆಣ್ಣುಮಗಳು ಆಟದಲ್ಲಿ ಗೆದ್ದು ಬಂದರೆ ಹಾರ ಹಾಕುತ್ತೇವೆ, ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಆಟ ನಿಂತ ಮೇಲೆ ಅವಳ ದಾರಿ ಯಾವುದು ಎಂದು ಯೋಚಿಸಿದ್ದುಂಟೇ, ಸೋದರಿಯರೇ?

ಈ ಪ್ರಶ್ನೆ ಈಗ ಆರ್‌ಪಿಸಿ ಲೇಔಟಿನ ನಮ್ಮ ಮನೆಗೇ ಬಂದು ಕೂತಿದೆ. ನನ್ನ ಮಗಳು ಡಿಗ್ರಿಯ ಮೂರು ವರ್ಷವೂ ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಆಫ್ ಸ್ಪಿನ್ ಹಾಕಿದವಳು. ರಾಜ್ಯದ ತಂಡಕ್ಕೆ ಆಯ್ಕೆಯಾಗಲಿಲ್ಲ. ಈಗ ಕಾಲೇಜಿನವರು ಹುಡುಗಿಯರ ತಂಡಕ್ಕೆ ಸಹಾಯಕ ಕೋಚ್ ಆಗಿ ಬಾ ಎಂದು ಕರೆದಿದ್ದಾರೆ. ಗೌರವಧನ ಮನೆಯ ಹಾಲು ತರಕಾರಿಗೆ ಸರಿಹೋದೀತು, ಅಷ್ಟೆ. ಯಜಮಾನರಿಗೆ ಅವಳು ಬ್ಯಾಂಕ್ ಪರೀಕ್ಷೆಗೆ ಕೂರಲೆಂಬ ಆಸೆ. ಅತ್ತೆಯವರಂತೂ, "ಬಿಸಿಲಲ್ಲಿ ನಿಂತು ಚೆಂಡು ಹೆಕ್ಕೋದೂ ಒಂದು ಕೆಲಸಾನೇನೇ?" ಅಂತಾರೆ.

ನಾನು ಅವರಿಗೆ ನೂಶಿನ್ ಅಲ್ ಖದೀರ್ ಅವರ ವಿಷಯ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ. ಕಲಬುರಗಿಯಲ್ಲಿ 1981ರಲ್ಲಿ ಹುಟ್ಟಿದ ಈಕೆಯೂ ಆಫ್ ಸ್ಪಿನ್ನರ್. 2002ರಿಂದ 2012ರವರೆಗೆ ಭಾರತಕ್ಕೆ ಆಡಿ, 78 ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ತೆಗೆದರು. 2005ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ಫೈನಲ್ ತಲುಪಿ, ಆಸ್ಟ್ರೇಲಿಯದ ಎದುರು 98 ರನ್ನುಗಳಿಂದ ಸೋತ ತಂಡದಲ್ಲಿ ಅವರಿದ್ದರು.

ಆಟ ಬಿಟ್ಟ ಮೇಲೆ ಅವರು ಕಲಿಸುವುದಕ್ಕೆ ನಿಂತರು. 2023ರ ಜನವರಿಯಲ್ಲಿ ಅದೇ ದಕ್ಷಿಣ ಆಫ್ರಿಕದಲ್ಲಿ 19 ವರ್ಷದೊಳಗಿನ ಹುಡುಗಿಯರ ಮೊದಲ ಟಿ-20 ವಿಶ್ವಕಪ್ ನಡೆಯಿತು. ನೂಶಿನ್ ಕೋಚ್ ಆಗಿದ್ದ ನಮ್ಮ ತಂಡ ಇಂಗ್ಲೆಂಡನ್ನು 68 ರನ್ನಿಗೆ ಉರುಳಿಸಿ ಕಪ್ ತಂದಿತು. ಆ ವರ್ಷವೇ ಮಹಿಳೆಯರ ಪ್ರೀಮಿಯರ್ ಲೀಗಿನಲ್ಲಿ ಗುಜರಾತ್ ತಂಡಕ್ಕೆ ಬೌಲಿಂಗ್ ಕೋಚ್, ಅಂದರೆ ಮುಖ್ಯ ಕೋಚಿಗೆ ಹೆಗಲು ಕೊಡುವ ಕೆಲಸ. 2025ರಲ್ಲಿ ಮಲೇಷ್ಯದಲ್ಲಿ ಮತ್ತೆ ಅದೇ ಕಿರಿಯರ ಕಪ್. ಆಗ ನಾಯಕಿ ನಮ್ಮ ಕರ್ನಾಟಕದ ನಿಕಿ ಪ್ರಸಾದ್!

"ಅವರು ದೇಶಕ್ಕೆ ಆಡಿದವರು, ನಮ್ಮವಳು ಕಾಲೇಜಿಗೆ ಆಡಿದವಳು" ಎಂದರು ಯಜಮಾನರು. ಮಾತು ನಿಜವೇ. ಆದರೆ ಆ ಕಪ್ ಎತ್ತಿದ ಒಬ್ಬೊಬ್ಬ ಹುಡುಗಿಗೂ ಮೊದಲು ಚೆಂಡು ಹಿಡಿಯುವುದು ಹೇಗೆಂದು ಎಲ್ಲೋ ಒಂದು ಮೈದಾನದಲ್ಲಿ ಯಾರೋ ಹೇಳಿಕೊಟ್ಟಿರಬೇಕಲ್ಲ? ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ, ಅಷ್ಟೆ.

ಇನ್ನೊಂದು ಮಾತು. ಮುಟ್ಟಿನ ದಿನ ಹೊಟ್ಟೆನೋವೆಂದು ಹುಡುಗಿ ಯಾರ ಹತ್ತಿರ ಹೇಳಿಕೊಳ್ಳಬೇಕು? ಹೊರಗೂರಿನ ಪಂದ್ಯಕ್ಕೆ ಮಗಳನ್ನು ಕಳಿಸುವಾಗ, ಜೊತೆಗೆ ಒಬ್ಬಳು ಹೆಂಗಸಿದ್ದಾಳೆ ಎಂದರೆ ತಾಯಿಗೆ ಎಷ್ಟು ಧೈರ್ಯ! ಸಹಾಯಕ ಕೋಚ್ ಬರೀ ಚೆಂಡು ಹೆಕ್ಕುವವಳಲ್ಲ ಎಂದು ಅತ್ತೆಯವರಿಗೆ ಇದನ್ನೇ ಬಿಡಿಸಿ ಹೇಳಿದೆ. ಅವರು ಸುಮ್ಮನಾದರು. ಅವರ ಮೌನ ಅರ್ಧ ಒಪ್ಪಿಗೆ ಎಂದು ನಾನು ಬಲ್ಲೆ.

ನಿಮ್ಮ ಮನೆಯಲ್ಲೂ ಇಂಥ ಹುಡುಗಿಯಿದ್ದರೆ ಬರೀ ಉತ್ಸಾಹ ಸಾಲದು, ಕೈಯಲ್ಲಿ ಕಾಗದವೂ ಇರಬೇಕು. ಕ್ರಿಕೆಟ್ಟಿಗೆ ಕ್ರಿಕೆಟ್ ಮಂಡಳಿಯ ಕೋಚಿಂಗ್ ಪರೀಕ್ಷೆಗಳು ಹಂತ ಹಂತವಾಗಿವೆ. ಬೇರೆ ಆಟಗಳಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ಬೆಲೆಯಿದೆ. ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಬೇಕೆಂದರೆ ಎರಡು ವರ್ಷದ ಬಿ.ಪಿ.ಎಡ್. ಮಾಡಬೇಕು.

ನಾವು ಮಾಡಿಕೊಂಡ ಒಪ್ಪಂದ ಹೀಗಿದೆ: ಎರಡು ವರ್ಷ ಅವಳಿಗೆ ಬಿಟ್ಟದ್ದು. ಅಷ್ಟರಲ್ಲಿ ಮೊದಲ ಹಂತದ ಪರೀಕ್ಷೆ ಮುಗಿಸಬೇಕು, ಬ್ಯಾಂಕಿನ ಪುಸ್ತಕಗಳನ್ನೂ ಅಟ್ಟಕ್ಕೆ ಹಾಕಬಾರದು. ಮದುವೆಯ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಕೂಡದು. ಈ ಕೊನೆಯ ಷರತ್ತು ನನ್ನದು!